ಕಷಾಯದ ಮೇಲಿನ ಅರ್ಧ ಲೋಟ

ಅಕ್ಕನ ಕಣ್ಣಿನ ಆಪರೇಷನ್ ಆದಾಗ ಹಗಲಿನ ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಮನೆ ಭದ್ರಾವತಿಯಲ್ಲಿ, ನನ್ನದು ಶಿವಮೊಗ್ಗದ ವಿದ್ಯಾನಗರದಲ್ಲಿ. ಭಾವ ಬೆಳಿಗ್ಗೆ ಅಂಗಡಿಗೆ ಹೋದರೆ ರಾತ್ರಿಯೇ ಬರುವುದು. ಹಾಗಾಗಿ ನಾನು ದಿನವೂ ತಿಂಡಿ ಮುಗಿಸಿ ಬಸ್ಸು ಹತ್ತುತ್ತಿದ್ದೆ.

ತೊಂದರೆ ಇದ್ದದ್ದು ನನ್ನ ಕೈಯಲ್ಲಿ. ಕೆಲವು ತಿಂಗಳಿಂದ ಕಾರಣವಿಲ್ಲದೆ ಎದೆ ಡವಡವ ಎನ್ನುತ್ತಿತ್ತು, ಬೆರಳು ನಡುಗುತ್ತಿದ್ದವು. ಡಾಕ್ಟರು ಇಸಿಜಿ ತೆಗೆಸಿ, "ಹಾರ್ಟ್ ಚೆನ್ನಾಗಿದೆಯಮ್ಮ, ಗಾಬರಿ ಜಾಸ್ತಿ" ಎಂದಿದ್ದರು. ಗಾಬರಿಗೆ ನಾನೇ ಮನೆಮದ್ದು ಶುರು ಮಾಡಿದೆ. ನೆತ್ತಿಗೆ ಎಣ್ಣೆ, ಊಟಕ್ಕೆ ಒಂದೆಲಗದ ತಂಬುಳಿ, ಕುಡಿಯುವ ನೀರಿಗೆ ಲಾವಂಚದ ಬೇರು, ಮೂರು ಹೊತ್ತು ಅಮೃತಬಳ್ಳಿ ಕಷಾಯ. ಕಷಾಯವನ್ನು ಫ್ಲಾಸ್ಕಿನಲ್ಲಿ ಅಕ್ಕನ ಮನೆಗೂ ಒಯ್ಯುತ್ತಿದ್ದೆ.

ಮೊದಲ ದಿನ ಅಕ್ಕ ಮಲಗಿ ಕಣ್ಣು ಬಿಟ್ಟಳು. ಬಾಟಲಿಯ ತುದಿ ಕಣ್ಣಿಗೆ ತಾಗಲೇಬಾರದು ಎಂದು ನರ್ಸ್ ಮೂರು ಸಲ ಹೇಳಿದ್ದಳು. ಅದೋ ನನ್ನ ಬೆರಳಲ್ಲಿ ಓಲಾಡುತ್ತಿತ್ತು. ಎರಡು ಹನಿ ಕೆನ್ನೆಗೆ ಹೋದವು, ಒಂದು ಕಿವಿಗೆ.

"ಕಿವಿಗೆ ಆಪರೇಷನ್ ಆಗಿಲ್ಲ ಮಾರಾಯ್ತಿ," ಎಂದಳು ಅಕ್ಕ. ನಗಿಸಲೆಂದೇ ಹೇಳಿದ್ದು. ಆದರೆ ಅವಳ ಮುಷ್ಟಿ ಹೊದಿಕೆಯನ್ನು ಬಿಗಿಯಾಗಿ ಹಿಡಿದಿತ್ತು.

ಕೊನೆಗೆ ಪಕ್ಕದ ಮನೆಯ ಆಪಾ ಬಂದು ಹಾಕಿದರು. ಗಂಡನ ಗ್ಯಾರೇಜಿಗೆ ಊಟ ಕಳಿಸುವ ಗಡಿಬಿಡಿಯಲ್ಲಿದ್ದರು ಪಾಪ. ಅಕ್ಕನ ಕಣ್ಣಿಗೆ ನನ್ನಿಂದಲೇ ಏನಾದರೂ ಆದರೆ ಎಂಬ ಯೋಚನೆಗೆ ಎದೆ ಇನ್ನಷ್ಟು ಹೊಡೆದುಕೊಂಡಿತು.

ಅಕ್ಕ ಓದುವಂತಿಲ್ಲ, ಟಿವಿ ನೋಡುವಂತಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮನೆಯ ಸದ್ದುಗಳನ್ನೇ ಕೇಳುತ್ತ ಕೂರುತ್ತಿದ್ದಳು. ಮೂರನೆಯ ದಿನ ಅಡುಗೆಮನೆಯತ್ತ ತಿರುಗಿ ಕೇಳಿದಳು.

"ಎಷ್ಟನೇ ಲೋಟ ಅದು?"

"ಕಷಾಯಾನಾ? ಎರಡನೇದು."

"ಕಷಾಯ ಅಲ್ಲ. ಅದಾದ್ಮೇಲೆ ಸೊರ್ ಅಂತ ಎತ್ತಿ ಹೊಯ್ದು ಆರಿಸ್ತೀಯಲ್ಲ, ಅದು."

"ಕಾಫಿ ಕಣೇ. ಬಾಯಿ ಕಹಿ ಹೋಗ್ಲಿ ಅಂತ ಅರ್ಧ ಲೋಟ."

"ಕಷಾಯ ಎರಡೇ, ಕಾಫಿ ಮಾತ್ರ ಬಂದಾಗಿಂದ ನಾಲ್ಕು ಸಲ ಹೊಯ್ದೆ. ಮನೇಲಿ ಕುಡ್ದು ಬಂದಿದ್ದು ಬೇರೆ!"

ಸಾರು ಕೊಡಲು ಬಂದಿದ್ದ ಆಪಾ ಬಾಗಿಲಲ್ಲೇ ನಕ್ಕುಬಿಟ್ಟರು. "ಔಷಧಿ ಹಿಂದೇನೇ ರೋಗಾನೂ ಕುಡೀತಿದೀರಲ್ಲ! ಕಹಿಗೆ ಕಲ್ಲುಸಕ್ಕರೆ ಸಾಲಲ್ವಾ?" ಎಂದು ಮನೆಯಿಂದ ಒಂದು ಡಬ್ಬಿ ತಂದಿಟ್ಟರು.

ಕಷಾಯಕ್ಕೂ ಮೊದಲಿಂದ ಕೆಲಸದ ನಡುನಡುವೆ ಕುಡಿಯುತ್ತಿದ್ದ ಅರ್ಧ ಲೋಟಗಳನ್ನು ನಾನು ಕಾಫಿ ಎಂದೇ ಎಣಿಸಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಹೇಳಿದಾಗ, "ಎಷ್ಟು ಕಾಫಿ ಅಂತ ಕೇಳಿದ್ದಕ್ಕೆ ಎರಡೇ ಅಂದಿದ್ರಲ್ಲಮ್ಮ! ಇಷ್ಟು ಕುಡಿದ್ರೆ ಎದೆ ಹೊಡ್ಕೊಳ್ಳದೆ, ಕೈ ನಡುಗದೆ ಇರುತ್ತಾ?" ಎಂದರು.

ಬೆಳಗಿನ ಒಂದು ಲೋಟ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಬಿಟ್ಟೆ. ಎರಡು ದಿನ ತಲೆನೋವು ಹಿಂಡಿತು. ನೆತ್ತಿಯ ಎಣ್ಣೆ ಆಗ ನಿಜಕ್ಕೂ ಉಪಯೋಗಕ್ಕೆ ಬಂತು. ಕಷಾಯದ ಮೇಲೆ ಕಲ್ಲುಸಕ್ಕರೆ ಚೀಪುತ್ತ ಜಗಲಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದೆ. ಹಾಗೆ ಕೂತು ಎಷ್ಟು ಕಾಲವಾಗಿತ್ತೋ. ಆ ದಿನಗಳಲ್ಲಿ ಹನಿ ಹಾಕಿದ್ದೆಲ್ಲ ಆಪಾನೇ.

ಮರುವಾರ ಒಂದು ಮಧ್ಯಾಹ್ನ ಬಾಟಲಿಯನ್ನು ನಾನೇ ಕೈಗೆತ್ತಿಕೊಂಡೆ. ಅಕ್ಕ ಮಾಮೂಲಿನಂತೆ ಹೊದಿಕೆ ಹಿಡಿದಳು. ಮಣಿಕಟ್ಟನ್ನು ಅವಳ ಹಣೆಗೆ ಆನಿಸಿ ಮೆಲ್ಲಗೆ ಒತ್ತಿದೆ. ಒಂದೇ ಹನಿ, ಸರಿಯಾಗಿ ಕಣ್ಣೊಳಗೆ.

"ಬಿತ್ತಾ?"

"ಬಿತ್ತು."

ಅವಳ ಮುಷ್ಟಿ ಸಡಿಲವಾಯಿತು. ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಈಗ ನಂಗೆ ಅರ್ಧ ಲೋಟ ಕಾಫಿ ಮಾಡು. ನೀನು ವಾಸನೆ ನೋಡು, ಸಾಕು."