ಛತ್ರದ ಬಾಗಿಲಲ್ಲಿ ಬಿಳಿ ಕುದುರೆ

ಗೆಳೆಯರೇ, ಇವತ್ತು ನನ್ನ ಹಲ್ಲುಗಳು ಸ್ವಸ್ಥಾನದಲ್ಲಿ ಉಳಿದಿರುವುದು ಪರಿಚಯವೇ ಇಲ್ಲದ ಒಬ್ಬ ಆಂಟಿಯ ದಯೆಯಿಂದ.

ಗೋವಿಂದರಾಜನಗರದ ಛತ್ರದಲ್ಲಿ ಚಿಕ್ಕಮ್ಮನ ಮಗಳ ಮದುವೆ. ವರನ ಮೆರವಣಿಗೆಗೆಂದು ತಂದ ಬಿಳಿ ಕುದುರೆ ಬಾಗಿಲಲ್ಲಿ ನಿಂತಿತ್ತು. ಬೆನ್ನು ಸವರೋಣವೆಂದು ಹಿಂದಿನಿಂದ ಹೋದೆ. ರೇಷ್ಮೆ ಸೀರೆಯ ಆಂಟಿಯೊಬ್ಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಏನಾಂಟಿ ಇದು, ಬ್ಲೌಸ್ ಹರಿದು ಹೋಗ್ತಿತ್ತು" ಎಂದು ರೇಗಿದೆ.

ಅಷ್ಟರಲ್ಲಿ ಬ್ಯಾಂಡಿನವರು ಡ್ರಮ್ ಬಾರಿಸಿದರು. ಬೆಚ್ಚಿದ ಕುದುರೆ ಹಿಂಗಾಲು ಝಾಡಿಸಿತು. ನಾನು ನಿಂತಿದ್ದ ಜಾಗದ ಪಕ್ಕದಲ್ಲೇ ಇದ್ದ ಹೂಕುಂಡ ಚೂರುಚೂರಾಯಿತು.

ಕುದುರೆ ಸುಮ್ಮನಾದ ಮೇಲೆ ಆಂಟಿಯೇ ಅದರ ಯಜಮಾನರನ್ನು ಕೇಳಿ ನನ್ನನ್ನು ಹತ್ತಿರ ಕರೆದೊಯ್ದರು.

"ನಮ್ಮಪ್ಪ ಜಟಕಾ ಓಡಿಸ್ತಿದ್ರು ಕಣಮ್ಮ. ಕುದುರೆಗೆ ಕಾಣೋ ಹಾಗೆ ಪಕ್ಕದಿಂದ ಬಾ, ಮಾತಾಡ್ತಾ ಬಾ. ಮೊದಲು ನಿನ್ನ ಕೈ ಮೂಸಿ ನೋಡ್ಲಿ. ಆಮೇಲೆ ಕತ್ತು ಸವರು."

ಬಿಸಿಯುಸಿರು ಅಂಗೈಗೆ ತಾಗಿತು. ಕತ್ತು ಸವರಿದರೆ ಕುದುರೆ ಮೆಲ್ಲಗೆ ತಲೆ ತಗ್ಗಿಸಿತು. ನನ್ನ ಕಣ್ಣು ತುಂಬಿತು.

"ನೀವು ಯಾರ ಕಡೆಯವರು ಆಂಟಿ?"

"ಹುಡುಗನ ಸೋದರತ್ತೆ."

ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಕೈಮುಗಿಯುವುದು ಇದ್ದದ್ದೇ. ಮನಸಾರೆ ಮುಗಿದದ್ದು ನಮ್ಮ ಮನೆತನದಲ್ಲಿ ಬಹುಶಃ ನಾನೇ ಮೊದಲು.