ಊಟದ ಮೇಜಿನ ಸರ್ಜನ್

ಸರ್ಜನ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡನೆಂದರೆ ಪಕ್ಕದ ಮನೆಯ ಕೆಟ್ಟ ಮಿಕ್ಸಿಯೂ ಹೆದರಿ ತಿರುಗತೊಡಗುತ್ತದೆ ಎಂಬ ಪ್ರತೀತಿ ಬೀದಿಯಲ್ಲಿದೆ. ಊಟದ ಮೇಜನ್ನು ಆಪರೇಷನ್ ಥಿಯೇಟರ್ ಮಾಡಿಕೊಂಡದ್ದಕ್ಕೆ ಹೆಂಡತಿ ದಯಪಾಲಿಸಿದ ಬಿರುದು ಈ 'ಸರ್ಜನ್'. ಈಚೆಗೆ ಅವನು ಚಪ್ಪಲಿ ಡಬ್ಬದಷ್ಟೇ ಗಾತ್ರದ ಗೇಮಿಂಗ್ ಕಂಪ್ಯೂಟರೊಂದನ್ನು ಸ್ವಹಸ್ತದಿಂದ ಜೋಡಿಸಿದ. ಅದು ಚೆನ್ನಾಗಿಯೇ ಓಡುತ್ತಿತ್ತು. ಮನಸ್ಸು ಬಂದಾಗ ಮಾತ್ರ ಹ್ಯಾಂಗ್ ಆಗಿ ಕಲ್ಲಿನಂತೆ ಕೂತುಬಿಡುತ್ತಿತ್ತು. ಸರ್ಜನ್ ಜಗ್ಗುವವನೇ? ಮೊದಲು ಗೋಡೆಯ ಪ್ಲಗ್ಗನ್ನು ಬೈದ, ಆಮೇಲೆ ಕರೆಂಟನ್ನು, ಸೆಕೆಯನ್ನು, ಕೊನೆಗೆ ಆಟ ತಯಾರಿಸಿದವರನ್ನು. ಫ್ಯಾನ್ ಬದಲಿಸಿದ. ಸಾಫ್ಟ್‌ವೇರನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದ. ಡಬ್ಬಕ್ಕೆ ಕಿವಿಯಾನಿಸಿ, "ಶ್, ಯಾರೂ ಉಸಿರಾಡ್ಬೇಡಿ" ಎಂದು ಮನೆಮಂದಿಗೆಲ್ಲ ಅಪ್ಪಣೆ ಕೊಟ್ಟ. "ಜೋಡಿಸೋವಾಗ್ಲೇ ನಿಮ್ಮ ಕೈ ಏನಾದ್ರೂ ತಪ್ಪಿರ್ಬಹುದಲ್ಲಾ ರೀ?" ಎಂದ ಹೆಂಡತಿಯ ಜೊತೆ ಮಾತೇ ಬಿಟ್ಟ. ಹಾಗೆಂದು ಅವನು ಆಟದ ಹುಚ್ಚನಲ್ಲ, ಆಟ ಕಂಡರೆ ಅವನಿಗೆ ಆಕಳಿಕೆ. ಡಬ್ಬ ಅಷ್ಟು ಚಿಕ್ಕದಾಗಿರುವುದು ಅಪ್ಪನ ಮಂಚದ ಪಕ್ಕದ ಸ್ಟೂಲಿನ ಮೇಲೆ ಹಿಡಿಸಲೆಂದು. ಜೀವಮಾನವೆಲ್ಲ ಬಸ್ಸು ಓಡಿಸಿದ ಅಪ್ಪ, ಕಾಲು ಸೋತ ಮೇಲೆ, ಈಗ ಪರದೆಯ ಮೇಲೆ ಬಸ್ಸು ಓಡಿಸುತ್ತಾರೆ. "ನಡುದಾರೀಲಿ ಹಿಂಗೆ ನಿಂತ್ರೆ ಪ್ಯಾಸೆಂಜರ್‌ಗಳಿಗೆ ಏನಂತ ಹೇಳ್ಲೋ?" ಎಂದು ಅವರು ಗದರಿದಾಗ ಮಾತ್ರ ಸರ್ಜನ್ ತಲೆ ತಗ್ಗಿಸುತ್ತಿದ್ದ. ಮೊನ್ನೆ ರಾತ್ರಿ ಅವನು ಡಬ್ಬವನ್ನು ಮತ್ತೊಮ್ಮೆ ಬಿಚ್ಚಿ ಮುಚ್ಚಿದ. ನಿನ್ನೆ ಬಸ್ಸು ಎಲ್ಲೂ ಕಲ್ಲಾಗದೆ ಕೊನೇ ಸ್ಟಾಪು ಮುಟ್ಟಿತು. ಅಪ್ಪ ಉದ್ದಕ್ಕೆ ಹಾರನ್ ಹೊಡೆದು, "ಭೇಷ್ ಮಗನೇ! ಏನಾಗಿತ್ತೋ ಇದಕ್ಕೆ?" ಎಂದರು. ಸರ್ಜನ್ ಹೆಂಡತಿಯ ಕಡೆ ನೋಡದೆ ಹೇಳಿದ: "ಏನಿಲ್ಲಪ್ಪ. ಒಳಗಿನ ಮೆಮೊರಿ ಪಟ್ಟಿ, ರ‍್ಯಾಮನ್ನ ಜೋಡಿಸೋವಾಗ ನಾನೇ ಸರಿಯಾಗಿ ಒತ್ತಿ ಕೂರಿಸಿರ್ಲಿಲ್ಲ."