ಕ್ಲೆಪ್ಪ

ಕರಜಗಿಯಲ್ಲಿ ನಿಂತು ಕೂಗಿದರೆ ಮೈಂದರ್ಗಿಯ ಕುರಿ ತಿರುಗಿ ನೋಡಬೇಕು, ಅಂಥ ಗಂಟಲು ನನ್ನದು. ಆದರೂ ಸೊಲ್ಲಾಪುರದ ಗಿರಣಿಯಲ್ಲಿ ಒಂದು ಶಬ್ದ ನನ್ನನ್ನು ಸಾಕುಸಾಕು ಮಾಡಿತು. ಹೊಸ ಬಾಯ್ಲರ್ ಕೂಡಿಸಲು ಬಂದಿದ್ದ ಡಚ್ ಸಾಹೇಬನದು ಒಂದೇ ಹಟ: ಹೆಚ್ಚಾದ ಹಬೆಯನ್ನು ಹೊರಬಿಡುವ ಮುಚ್ಚಳದ ಹೆಸರನ್ನು ತನ್ನ ಭಾಷೆಯಲ್ಲಿ ಸರಿಯಾಗಿ ಅಂದವನಿಗೇ ಬಾಯ್ಲರ್ ಕೆಲಸ, ಉಳಿದವರು ಹತ್ತಿಯ ಗಂಟು ಹೊರಲು ವಾಪಸ್. ಹೆಸರೋ ಗೂಡ್ಸ್ ಗಾಡಿಯಷ್ಟು ಉದ್ದ: ಸ್ಟೋಮ್‌ಕೇತಲ್‌ವೈಲಖ್‌ಹೈಟ್ಸ್‌ಕ್ಲೆಪ್.

ಹೊತ್ತು ಮುಳುಗುವತನಕ ಅಂದೆ. ನಮ್ಮ ಕಡೆ ಕೂಗುವುದೆಂದರೆ ಕೊನೆಯನ್ನು ಎಳೆಯುವುದು. "...ಹೈಟ್ಸ್‌ಕ್ಲೆಪ್ಪಾ!"

ಪಾಳಿ ನೋಡಿಕೊಳ್ಳುವ ಜಾಬರ್ ಮಲ್ಲಣ್ಣ ಹಣಿಕಿ ಹಾಕಿದ. "ಯಾರೋ ತಮ್ಮಾ ಈ ಕ್ಲೆಪ್ಪ? ನಮ್ಮ ಪಾಳ್ಯಾಗ ಅದಾನೇನು?"

"ಮನಶ್ಯಾ ಅಲ್ರಿ ಅಣ್ಣಾ, ಮುಚ್ಚಳ."

"ಮುಚ್ಚಳಕ್ಕೂ ಅಪ್ಪಾ ಅಂತೀಯೇನೋ?"

ಸಾಹೇಬ ತಲೆ ಚಚ್ಚಿಕೊಂಡ. ಆಮೇಲೆ ಸುತ್ತಿಗೆ ಎತ್ತಿ, "ಸ್ಟೋಮ್!" ಎಂದು ಕಬ್ಬಿಣಕ್ಕೆ ಜೋರಾಗಿ ಬಡಿದು, ಉಳಿದದ್ದಕ್ಕೆ ಬೆರಳಿಂದ ಮೆಲ್ಲಗೆ ತಟ್ಟಿದ. ಆಗ ತಿಳಿಯಿತು, ಭಾರವೆಲ್ಲ ಶಬ್ದದ ತಲೆಗೆ, ಬಾಲಕ್ಕೆ ಬರೀ ಉಸಿರು. ಹಾಗೇ ಅಂದೆ. ಸಾಹೇಬ ಬೋಲ್ಟು ತಿರುಗಿಸುವ ಪಾನಾ ನನ್ನ ಕೈಗಿಟ್ಟ.

ಕೆಲಸವೇನೋ ಸಿಕ್ಕಿತು, ಅಪ್ಪ ಇಟ್ಟ ಹೆಸರು ಹೋಯಿತು. ಈಗ ಗಿರಣಿಯಲ್ಲಿ ಎಲ್ಲರೂ "ಏ ಕ್ಲೆಪ್ಪಾ!" ಎಂದೇ ಕರೆಯುತ್ತಾರೆ. ಅದರಲ್ಲೂ ಭಾರ ತಪ್ಪಾದ ಕಡೆಯೇ, ಬಾಲದ ಮೇಲೇ ಬೀಳುತ್ತದೆ. ತಿದ್ದಲು ನನ್ನ ಗಂಟಲಲ್ಲಿ ತ್ರಾಣ ಉಳಿದಿಲ್ಲ.